ನಮ್ಮ ಜಿಲ್ಲೆಯ ಕಲ್ಲು ಓದಿದ ಬ್ರೂಸ್ ಫೂಟ್: ಜಿಯಾಲಜಿ ಓದಿದ್ರೆ ಏನಾಗಬಹುದು ಅನ್ನೋದಕ್ಕೆ ಒಂದು ಬದುಕು

ಬೆಳಗಾವಿ: ಪಿಯುಸಿ ರಿಸಲ್ಟ್ ಬಂದ ಮೇಲೆ ಸೈನ್ಸ್ ಓದಿದ ಮಕ್ಕಳ ಮನೆಯಲ್ಲಿ ಏನು ಚರ್ಚೆ ನಡೆಯುತ್ತೆ ಅಂತ ಎಲ್ಲರಿಗೂ ಗೊತ್ತು. ಮೊದಲು ನೀಟ್, ಆಮೇಲೆ ಸಿಇಟಿ, ಅದೆರಡೂ ಕೈಕೊಟ್ರೆ ಬಿಎಸ್‌ಸಿ. ಬಿಎಸ್‌ಸಿಯಲ್ಲೂ ಕಂಪ್ಯೂಟರ್ ಸೈನ್ಸ್ ಬೇಕು, ಇಲ್ಲಾ ಕೆಮಿಸ್ಟ್ರಿ ಬೇಕು. ಜಿಯಾಲಜಿ ಅಂದ್ರೆ ಭೂವಿಜ್ಞಾನ ಕೊನೆಗೆ ಉಳಿಯುತ್ತೆ. ಕಲ್ಲು ಓದಿ ಹೊಟ್ಟೆ ತುಂಬುತ್ತಾ ಅನ್ನೋ ಅನುಮಾನ ಮನೆಯವರದ್ದು. ಅನುಮಾನ ತಪ್ಪೇನಲ್ಲ. ಆದರೆ ಅದಕ್ಕೆ ಉತ್ತರ ಹುಡುಕೋಕೆ ಬೆಂಗಳೂರಿಗೆ ಹೋಗಬೇಕಾಗಿಲ್ಲ. ಸುಮಾರು 150 ವರ್ಷದ ಹಿಂದೆ ನಮ್ಮದೇ ಜಿಲ್ಲೆಯ ಗುಡ್ಡ, ಹಳ್ಳ, ನದಿ ದಂಡೆಗಳಲ್ಲಿ ಓಡಾಡಿ ಇಲ್ಲಿನ ಕಲ್ಲಿನ ಕಥೆ ಬರೆದಿಟ್ಟ ಒಬ್ಬರಿದ್ದಾರೆ. ಅವರ ಹೆಸರು ರಾಬರ್ಟ್ ಬ್ರೂಸ್ ಫೂಟ್.

ಭಾರತದ ಪ್ರಾಗಿತಿಹಾಸದ ಪಿತಾಮಹ ಅಂತ ಅವರನ್ನ ಪಠ್ಯಪುಸ್ತಕಗಳು ಕರೆಯುತ್ತವೆ. ಕೆಎಎಸ್, ಎಫ್‌ಡಿಎಗೆ ಓದೋರು ಈ ಹೆಸರು ಬಾಯಿಪಾಠ ಮಾಡಿರ್ತಾರೆ. ಆದರೆ ಅವರ ನೌಕರಿ ಇತಿಹಾಸದ್ದಲ್ಲ, ಜಿಯಾಲಜಿಯದ್ದು. ಅವರು ಬೆಳಗಾವಿ ಸೀಮೆಯಲ್ಲಿ ಕೆಲಸ ಮಾಡಿದ್ರು ಅನ್ನೋದಂತೂ ನಮ್ಮಲ್ಲೇ ಬಹಳ ಜನರಿಗೆ ಗೊತ್ತಿಲ್ಲ.

ಹುಟ್ಟು ಇಂಗ್ಲೆಂಡ್, ಬದುಕು ದಕ್ಷಿಣ ಭಾರತ

ಸಂಗೊಳ್ಳಿ ರಾಯಣ್ಣನನ್ನ ಖಾನಾಪುರ ತಾಲೂಕಿನ ನಂದಗಡದಲ್ಲಿ ಗಲ್ಲಿಗೇರಿಸಿದ್ದು 1831ರಲ್ಲಿ. ಅದಾಗಿ ಮೂರು ವರ್ಷಕ್ಕೆ, 1834ರ ಸೆಪ್ಟೆಂಬರ್ 22ರಂದು ಫೂಟ್ ಇಂಗ್ಲೆಂಡಿನ ಚೆಲ್ಟನ್‌ಹ್ಯಾಮ್‌ನಲ್ಲಿ ಹುಟ್ಟಿದ್ರು. 1858ರಲ್ಲಿ ಅವರು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆ, ಅಂದ್ರೆ ಜಿಎಸ್‌ಐ ಸೇರಿದ್ರು. ನರಗುಂದದ ಬಾಬಾಸಾಹೇಬರು ಬ್ರಿಟಿಷರ ವಿರುದ್ಧ ಎದ್ದದ್ದು ಅದೇ ವರ್ಷ. ಕಂಪನಿ ಸರಕಾರ ಹೋಗಿ ರಾಣಿ ಸರಕಾರ ಬಂದದ್ದೂ ಅದೇ ವರ್ಷ.

ಜಿಎಸ್‌ಐ ಶುರುವಾಗಿದ್ದು 1851ರಲ್ಲಿ. ಯಾಕೆ ಶುರುವಾಯ್ತು ಅಂದ್ರೆ ಕಾರಣ ಸರಳ, ಕಲ್ಲಿದ್ದಲು ಬೇಕಿತ್ತು. ರೈಲು, ಹಡಗು ಓಡಬೇಕಂದ್ರೆ ಎಲ್ಲಿ ಅಗೆದ್ರೆ ಏನು ಸಿಗುತ್ತೆ ಅನ್ನೋದು ಆಳೋರಿಗೆ ಗೊತ್ತಿರಬೇಕಲ್ಲ. ಹಂಗಾಗಿ ಫೂಟ್ ಅವರಂಥ ಹುಡುಗರನ್ನ ಕರೆಸಿ ಸುತ್ತಿಗೆ, ದಿಕ್ಸೂಚಿ, ನಕಾಶೆ ಕೊಟ್ಟು ಸೀಮೆ ಸೀಮೆಗೆ ಕಳಿಸಿದ್ರು. ಚಳಿಗಾಲದಿಂದ ಬೇಸಿಗೆವರೆಗೆ ಡೇರೆ ಜೀವನ, ಮಳೆಗಾಲದಲ್ಲಿ ಕೂತು ಬರೆಯೋದು. ಈ ಕೆಲಸದ ಲಯ ಇವತ್ತಿಗೂ ಪೂರ್ತಿ ಬದಲಾಗಿಲ್ಲ. ಜಿಎಸ್‌ಐ ಜಿಯಾಲಜಿಸ್ಟ್‌ಗೆ ಈಗಲೂ ಫೀಲ್ಡ್ ಸೀಸನ್ ಅಂತ ಇರುತ್ತೆ.

ಫೂಟ್‌ಗೆ ಮೊದಲು ಸಿಕ್ಕಿದ್ದು ಮದ್ರಾಸ್ ಸೀಮೆ. 1863ರ ಮೇ 30ರಂದು ಮದ್ರಾಸ್ ಹತ್ತಿರದ ಪಲ್ಲಾವರಂನಲ್ಲಿ, ಜಂಬಿಟ್ಟಿಗೆ ಜಲ್ಲಿ ಅಗೆದ ಗುಂಡಿಯೊಂದರಲ್ಲಿ ಅವರ ಕಣ್ಣಿಗೆ ಒಂದು ಕಲ್ಲು ಬಿತ್ತು. ಅದು ಸುಮ್ನೆ ಒಡೆದ ಕಲ್ಲಾಗಿರಲಿಲ್ಲ, ಮನುಷ್ಯ ಬೇಕಂತಲೇ ಅಂಚು ತೆಗೆದು ಮಾಡಿದ ಆಯುಧ. ಆಗ ಅವರಿಗೆ 28 ವರ್ಷ. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಜೊತೆಗಾರ ವಿಲಿಯಂ ಕಿಂಗ್ ಜೊತೆ ಅತ್ತಿರಂಪಾಕ್ಕಂ ಅನ್ನೋ ಊರಲ್ಲಿ ಇನ್ನೂ ಇಂಥ ಆಯುಧಗಳು ಸಿಕ್ಕವು.

ಇಲ್ಲಿ ಒಂದು ವಿಷಯ ಗಮನಿಸಬೇಕು. ಆ ಗುಂಡಿಯಲ್ಲಿ ಅವರಿಗಿಂತ ಮೊದಲು ಎಷ್ಟೋ ಜನ ಜಲ್ಲಿ ಅಗೆದಿದ್ರು, ನಡೆದುಹೋಗಿದ್ರು. ಫೂಟ್‌ಗೆ ಅದು ಕಂಡಿದ್ದು ಯಾಕಂದ್ರೆ ಅವರು ಓದಿಕೊಂಡಿದ್ರು. ಫ್ರಾನ್ಸಿನ ಸೊಮ್ ನದಿ ಕಣಿವೆಯಲ್ಲಿ ಸಿಕ್ಕ ಕಲ್ಲಿನ ಆಯುಧಗಳು ನಿಜವಾಗ್ಲೂ ಹಳೇ ಕಾಲದ ಮನುಷ್ಯರವು ಅಂತ ಯುರೋಪಿನ ವಿದ್ವಾಂಸರು ಒಪ್ಪಿದ್ದು 1859ರಲ್ಲಿ. ನಾಲ್ಕೇ ವರ್ಷದಲ್ಲಿ ಫೂಟ್ ಅಂಥದ್ದನ್ನೇ ಇಲ್ಲಿ ಗುರುತಿಸಿದ್ರು. ಅತ್ತಿರಂಪಾಕ್ಕಂ ಆಯುಧಗಳು ಎಷ್ಟು ಹಳೆಯವು ಅನ್ನೋದು ಗಟ್ಟಿಯಾಗಿ ಗೊತ್ತಾಗಿದ್ದು 2011ರಲ್ಲಿ, ಶಾಂತಿ ಪಪ್ಪು ಮತ್ತು ತಂಡದವರ ಅಧ್ಯಯನದಿಂದ. ಸುಮಾರು 15 ಲಕ್ಷ ವರ್ಷ.

ಬೆಳಗಾವಿಗೆ ಬಂದದ್ದು

ಮದ್ರಾಸ್ ಸೀಮೆಯ ಆಚೆಗೆ ಸರ್ವೇ ಕೆಲಸ ಬೆಳೀತಾ ಮುಂಬೈ ಪ್ರಾಂತ್ಯದ ದಕ್ಷಿಣ ಭಾಗಕ್ಕೂ ಬಂತು. ಬೆಳಗಾವಿ, ಧಾರವಾಡ, ಕಲಾದಗಿ ಜಿಲ್ಲೆಗಳು, ನಡುನಡುವೆ ಸಣ್ಣಪುಟ್ಟ ಸಂಸ್ಥಾನಗಳು. ಸರಕಾರಿ ಕಾಗದದಲ್ಲಿ ಈ ಸೀಮೆಗೆ ದಕ್ಷಿಣ ಮರಾಠಾ ದೇಶ ಅನ್ನೋ ಹೆಸರಿತ್ತು. ಊರೂರಲ್ಲಿ ಆಗಲೂ ಈಗಿನ ಹಾಗೆ ಕನ್ನಡ, ಮರಾಠಿ ಎರಡೂ ನಡೀತಿತ್ತು. ಆಗ ಬೆಳಗಾವಿಗೆ ಇನ್ನೂ ರೈಲಿಲ್ಲ. ಕಾಲ್ನಡಿಗೆ, ಕುದುರೆ, ಸಾಮಾನಿಗೆ ಎತ್ತಿನ ಗಾಡಿ, ಅಷ್ಟೇ.

ಹಲವು ವರ್ಷದ ಈ ತಿರುಗಾಟದ ಫಲವಾಗಿ 1876ರಲ್ಲಿ ಜಿಎಸ್‌ಐ ಫೂಟ್ ಅವರ ದೊಡ್ಡ ವರದಿ ಪ್ರಕಟಿಸಿತು. ಅದರ ವಿಷಯ ಈ ಸೀಮೆಯ ಭೂರಚನೆ. ನಮ್ಮ ಜಿಲ್ಲೆಯ ನೆಲದ ಬಗ್ಗೆ ಕ್ರಮವಾಗಿ ಬರೆದ ದೊಡ್ಡ ಕೆಲಸ ಇದು. ಆಮೇಲೆ ಬಂದೋರೆಲ್ಲ ಇದರ ಮೇಲೇ ಕಟ್ಟಿದ್ದಾರೆ.

ಇಷ್ಟು ವರ್ಷ ಇಲ್ಲಿ ಬರೆಯೋಕೆ ಏನಿತ್ತು ಅಂದ್ರೆ, ಬೆಳಗಾವಿ ಜಿಲ್ಲೆ ಒಂದೇ ಕಲ್ಲಿನ ಜಿಲ್ಲೆ ಅಲ್ಲ ನೋಡ್ರಿ. ಇಲ್ಲಿ ಕನಿಷ್ಠ ನಾಲ್ಕು ಕಾಲದ ನೆಲ ಒಂದರ ಪಕ್ಕ ಒಂದು, ಒಂದರ ಮೇಲೆ ಒಂದು ಇದೆ.

ಎಲ್ಲಕ್ಕಿಂತ ಹಳೇದು ಖಾನಾಪುರ ಕಡೆಯಿಂದ ಧಾರವಾಡದತ್ತ ಹಬ್ಬಿರೋ ಪದರಗಲ್ಲು. ವಯಸ್ಸು 250 ಕೋಟಿ ವರ್ಷಕ್ಕೂ ಹೆಚ್ಚು. ಆಮೇಲಿನದ್ದು ಗೋಕಾಕ, ಸವದತ್ತಿ, ರಾಮದುರ್ಗದ ಗಟ್ಟಿ ಮರಳುಗಲ್ಲು, ಬೆಣಚುಗಲ್ಲು. ಗೋಕಾಕ ಜಲಪಾತದಲ್ಲಿ ಘಟಪ್ರಭಾ ಸುಮಾರು 52 ಮೀಟರ್ ಧುಮುಕೋದು ಈ ಕಲ್ಲಿನ ಮೇಲಿಂದಲೇ. ಮೂರನೇದು ಬೆಳಗಾವಿ ಸುತ್ತಮುತ್ತಲಿನ ಕಪ್ಪು ಕಲ್ಲು, ಬಸಾಲ್ಟ್. ಸುಮಾರು 6.6 ಕೋಟಿ ವರ್ಷದ ಹಿಂದೆ ನೆಲ ಬಿರಿದು ಹರಿದ ಲಾವಾ ಅದು. ಮಹಾರಾಷ್ಟ್ರದ ಉದ್ದಗಲಕ್ಕೂ ಹರಡಿರೋ ಈ ಲಾವಾ ಹಾಸಿಗೆಯ ದಕ್ಷಿಣದ ಅಂಚು ಬರೋದು ನಮ್ಮ ಭಾಗದಲ್ಲಿ. ನಾಲ್ಕನೇದು ಎಲ್ಲದರ ಮೇಲೆ ಟೋಪಿ ಥರ ಕೂತಿರೋ ಕೆಂಪು ಜಂಬಿಟ್ಟಿಗೆ. ಮರಾಠಿಯಲ್ಲಿ ಜಾಂಭಾ ಅಂತಾರೆ. ಮಳೆ, ಬಿಸಿಲಿಗೆ ಕಲ್ಲು ಸವೆದು ಕಬ್ಬಿಣ, ಅಲ್ಯೂಮಿನಿಯಂ ಅಂಶ ಉಳಿದುಕೊಂಡು ಆಗಿದ್ದು.

ಹೊರಗಿನ ವಿದ್ಯಾರ್ಥಿಗಳು ಇದನ್ನೆಲ್ಲ ನೋಡೋಕೆ ಬಸ್ ಮಾಡಿಕೊಂಡು ಇಲ್ಲಿಗೆ ಬರ್ತಾರೆ. ನಮ್ಮ ಹುಡುಗರು ದಿನಾ ಅದರ ಮೇಲೇ ಬೈಕ್ ಓಡಿಸ್ತಾರೆ.

ಹೆಸರು ಕೊಟ್ಟವರು

ಗೋಕಾಕ, ಸವದತ್ತಿ, ಬಾದಾಮಿ ಕಡೆಯ ಕಲ್ಲಿನ ಸರಣಿಗೆ ಫೂಟ್ ಒಂದು ಹೆಸರು ಕೊಟ್ರು. ಈಗ ಬಾಗಲಕೋಟೆ ಜಿಲ್ಲೆಯಲ್ಲಿರೋ, ಆಗ ಜಿಲ್ಲಾ ಕೇಂದ್ರವಾಗಿದ್ದ ಕಲಾದಗಿಯ ಹೆಸರು. ಇವತ್ತಿಗೂ ದೇಶದ ಯಾವ ಮೂಲೆಯಲ್ಲಿ ಜಿಯಾಲಜಿ ಓದಿದ್ರೂ ಸಿಲಬಸ್‌ನಲ್ಲಿ ಕಲಾದಗಿ ಅಂತ ಬರುತ್ತೆ. 1880ರ ದಶಕದಲ್ಲಿ ಇನ್ನೂ ಹಳೇ ಪದರಗಲ್ಲಿನ ಗುಂಪಿಗೆ ಅವರು ಧಾರವಾಡದ ಹೆಸರಿಟ್ರು. ಆ ಹೆಸರು ಈಗ ಜಗತ್ತಿಗೇ ಗೊತ್ತು.

ಈ ಹೆಸರಿಡೋದು ಬರೀ ನಾಮಕರಣ ಅಲ್ಲ. ಅಲ್ಲಿವರೆಗೆ ಗ್ರಾನೈಟ್ ಥರದ ಹಳೇ ಕಲ್ಲುಗಳೂ ಈ ಪದರಗಲ್ಲುಗಳೂ ಒಂದೇ ರಾಶಿಯಲ್ಲಿ ಇದ್ದವು. ಧಾರವಾಡದ ಗುಂಪು ಬೇರೆ ಅಂತ ಫೂಟ್ ಬಿಡಿಸಿ ತೋರಿಸಿದ್ರು. ದಕ್ಷಿಣ ಭಾರತದಲ್ಲಿ ಚಿನ್ನ ಸಿಗೋದು ಮುಖ್ಯವಾಗಿ ಈ ಗುಂಪಿನಲ್ಲಿ ಅನ್ನೋದನ್ನೂ ಬರೆದ್ರು. ಹುಡುಕೋರಿಗೆ ಎಲ್ಲಿ ಹುಡುಕಬೇಕು ಅನ್ನೋದು ಗೊತ್ತಾಯ್ತು. ಕೋಲಾರ, ಹಟ್ಟಿ, ಸಂಡೂರಿನ ಕಬ್ಬಿಣದ ಅದಿರು ಎಲ್ಲವೂ ಈ ಧಾರವಾಡ ಗುಂಪಿನ ಕಲ್ಲುಗಳಲ್ಲೇ ಇವೆ. ಬಳ್ಳಾರಿ ಜಿಲ್ಲೆಯ ಭೂವಿಜ್ಞಾನದ ಬಗ್ಗೆ ಅವರ ವರದಿ 1895ರಲ್ಲಿ ಬಂತು. ಸಂಡೂರು ಗುಡ್ಡಗಳ ಅದಿರಿನ ಸಂಪತ್ತು ಅದರಲ್ಲಿ ದಾಖಲಾಗಿದೆ. ಮುಂದೆ ಅದೇ ಗುಡ್ಡಗಳಲ್ಲಿ ಏನೇನಾಯ್ತು ಅನ್ನೋದು ನಮಗೆಲ್ಲ ಗೊತ್ತಿರೋದೇ. ಜಿಯಾಲಜಿಸ್ಟ್ ಬರೆದಿಟ್ಟ ಒಂದು ಪುಟ ನೂರು ವರ್ಷ ಆದ್ಮೇಲೆ ಒಂದು ರಾಜ್ಯದ ರಾಜಕೀಯವನ್ನೇ ಅಲ್ಲಾಡಿಸಬಹುದು.

ಗೋಕಾಕದಲ್ಲಿ ಘೇಂಡಾಮೃಗ

ಫೂಟ್ ಅವರ ಬೆಳಗಾವಿ ಕೆಲಸದಲ್ಲಿ ಎಲ್ಲಕ್ಕಿಂತ ಕುತೂಹಲದ್ದು ಇದು. ಗೋಕಾಕ ಸಮೀಪದ ಹಳ್ಳವೊಂದರ ದಂಡೆ ಮಣ್ಣಲ್ಲಿ ಅವರಿಗೆ ಹಳೇ ಎಲುಬು ಸಿಕ್ಕವು. ಜಾಗದ ಹೆಸರು ಅವರ ದಾಖಲೆಯಲ್ಲಿ ಚಿಕ್‌ಡೌಲಿ ಅಂತಿದೆ. ನೋಡಿದ್ರೆ ಅದು ಘೇಂಡಾಮೃಗದ್ದು. ಈಗ ಘೇಂಡಾಮೃಗ ನೋಡಬೇಕಂದ್ರೆ ಅಸ್ಸಾಂನ ಕಾಜಿರಂಗಕ್ಕೆ ಹೋಗಬೇಕು. ಆದರೆ ಒಂದು ಕಾಲದಲ್ಲಿ ಘಟಪ್ರಭಾ ಸೀಮೆಯಲ್ಲೂ ಅದು ಓಡಾಡಿಕೊಂಡಿತ್ತು. 1874ರಲ್ಲಿ ಫೂಟ್ ಇದನ್ನ ಪ್ರಕಟಿಸಿ, ದಖ್ಖನ್ನಿನ ಹೆಸರು ಸೇರಿಸಿ ರೈನಾಸೆರಸ್ ಡೆಕ್ಕನೆನ್ಸಿಸ್ ಅಂತ ಕರೆದ್ರು.

ಘೇಂಡಾಮೃಗ ಇತ್ತು ಅಂದ್ರೆ ನೀರಿತ್ತು, ಹುಲ್ಲಿತ್ತು, ಜೌಗು ಇತ್ತು ಅಂತ ಅರ್ಥ. ಬೇಸಿಗೆ ಬಂದ್ರೆ ಟ್ಯಾಂಕರ್ ದಾರಿ ಕಾಯೋ ಊರುಗಳ ನೆಲ ಒಂದು ಕಾಲಕ್ಕೆ ಹಾಗಿರಲಿಲ್ಲ ಅನ್ನೋದನ್ನ ಒಂದು ಎಲುಬು ಹೇಳುತ್ತೆ. ಮಲಪ್ರಭಾ, ಘಟಪ್ರಭಾ ದಂಡೆಯ ಜಲ್ಲಿ ಪದರಗಳಲ್ಲೂ ಫೂಟ್‌ಗೆ ಆದಿಮಾನವರ ಕಲ್ಲಿನ ಆಯುಧ ಸಿಕ್ಕವು. ಮುಂದೆ ಆರ್.ವಿ. ಜೋಶಿ ಅವರು ಮಲಪ್ರಭಾ ಕಣಿವೆಯನ್ನೇ ಹಿಡಿದು ಅಧ್ಯಯನ ಮಾಡಿದ್ರು, ಅದು 1955ರಲ್ಲಿ ಪುಸ್ತಕವಾಗಿ ಬಂತು.

ಬೂದಿಗುಡ್ಡದ ಗುಟ್ಟು

ಬಳ್ಳಾರಿ ಸೀಮೆಯಲ್ಲಿ ಫೂಟ್ ಇನ್ನೊಂದು ಕೆಲಸ ಮಾಡಿದ್ರು. ಕುಡತಿನಿ ಮೊದಲಾದ ಕಡೆ ದೊಡ್ಡ ದೊಡ್ಡ ಬೂದಿ ದಿಬ್ಬಗಳಿವೆ. ರಾಕ್ಷಸರನ್ನ ಸುಟ್ಟ ಬೂದಿ ಅಂತ ಜನ ಹೇಳ್ತಿದ್ರು. ಫೂಟ್ ಆ ಮಾತಿಗೆ ನಗಲೂ ಇಲ್ಲ, ಸುಮ್ನೆ ನಂಬಲೂ ಇಲ್ಲ. ಮಣ್ಣು ನೋಡಿದ್ರು, ಬೂದಿ ನೋಡಿದ್ರು, ಸುತ್ತ ಬಿದ್ದ ನಯ ಮಾಡಿದ ಕಲ್ಲಿನ ಕೊಡಲಿಗಳನ್ನ ನೋಡಿದ್ರು. ಇದು ದನ ಸಾಕುತ್ತಿದ್ದ ನವಶಿಲಾಯುಗದ ಜನ ಸೆಗಣಿ ಸುಟ್ಟ ಬೂದಿ ಅನ್ನೋ ತೀರ್ಮಾನಕ್ಕೆ ಬಂದ್ರು. ಮುಂದಿನ ಶತಮಾನದ ಉತ್ಖನನಗಳು ಆ ದಾರಿಯನ್ನೇ ಗಟ್ಟಿ ಮಾಡಿದವು. ಕರ್ನೂಲ್ ಕಡೆಯ ಬಿಲ್ಲಸುರ್ಗಂ ಗುಹೆಗಳಲ್ಲೂ ಅವರು ಅಗೆಸಿದ್ರು, 1884ರ ಹೊತ್ತಿಗೆ ಮಗ ಹೆನ್ರಿ ಕೂಡ ಆ ಕೆಲಸದಲ್ಲಿದ್ದ.

ಇದ್ಯಾವುದೂ ಅವರ ನೌಕರಿಯ ಭಾಗ ಅಲ್ಲ. ಸಂಬಳ ಬರ್ತಿದ್ದದ್ದು ಕಲ್ಲಿನ ನಕಾಶೆ ಮಾಡೋದಕ್ಕೆ. ಆದರೆ ಹೆಸರು ಉಳಿದದ್ದು ನಡುವೆ ಕಣ್ಣು ತೆರೆದಿಟ್ಟು ನಡೆದದ್ದಕ್ಕೆ.

ನಿವೃತ್ತಿ ಆದ್ಮೇಲೂ ಕೆಲಸ

33 ವರ್ಷದ ಸೇವೆ ಮುಗಿಸಿ 1891ರಲ್ಲಿ ಫೂಟ್ ನಿವೃತ್ತರಾದ್ರು. ಆದರೆ ಮನೆಯಲ್ಲಿ ಕೂರಲಿಲ್ಲ. ಬರೋಡಾ ಸಂಸ್ಥಾನಕ್ಕೆ ಭೂವಿಜ್ಞಾನಿಯಾಗಿ ಹೋದ್ರು. ಆಮೇಲೆ ಮೈಸೂರು ಸಂಸ್ಥಾನ ಕರೀತು. 1894ರಲ್ಲಿ ಶುರುವಾದ ಮೈಸೂರು ಭೂವಿಜ್ಞಾನ ಇಲಾಖೆ ಮೊದಲು ನಡೆದದ್ದು ಇವರ ಕೈಕೆಳಗೆ. ಇವತ್ತಿನ ಕರ್ನಾಟಕದ ಗಣಿ ಮತ್ತು ಭೂವಿಜ್ಞಾನ ಇಲಾಖೆಯ ಬೇರು ಅಲ್ಲೇ ಇದೆ. ಇವತ್ತು ನಮ್ಮ ಹುಡುಗರು ನೌಕರಿಗೆ ಅರ್ಜಿ ಹಾಕೋ ಇಲಾಖೆ ಅದು.

ಕೊನೆಗಾಲದಲ್ಲಿ ಅವರ ಮನೆ ತಮಿಳುನಾಡಿನ ಏರ್ಕಾಡು ಗುಡ್ಡದಲ್ಲಿತ್ತು. ಜೀವನವಿಡೀ ಕೂಡಿಟ್ಟ ಆಯುಧ, ಮಡಕೆ ಚೂರುಗಳ ಸಂಗ್ರಹ 1904ರಲ್ಲಿ ಮದ್ರಾಸ್ ಸರಕಾರಿ ಮ್ಯೂಸಿಯಂ ಸೇರಿತು. ಒಂದೊಂದು ತುಂಡೂ ಎಲ್ಲಿ ಸಿಕ್ಕಿದ್ದು ಅಂತ ಬರೆದಿಡೋ ಕೆಲಸವನ್ನ ಕೊನೆವರೆಗೂ ಮಾಡ್ತಿದ್ರು. 1912ರ ಡಿಸೆಂಬರ್ 29ರಂದು ಕೋಲ್ಕತ್ತದಲ್ಲಿ ತೀರಿಕೊಂಡ್ರು. ಸಂಗ್ರಹದ ವಿವರಗಳ ಪುಸ್ತಕ ಅಚ್ಚಾಗಿ ಹೊರಗೆ ಬಂದದ್ದು ಅವರು ಹೋದ ಮೇಲೆ.

ಈಗ ಇದರಿಂದ ನಮಗೇನು?

ಡಿಗ್ರಿ ಅರ್ಧಕ್ಕೆ ಬಿಟ್ಟು ಸುದ್ದಿ ಬರೆಯೋಕೆ ಬಂದ ನನ್ನಂಥವರಿಗೆ ವರದಿಗೆ ಹೋದಲ್ಲೆಲ್ಲ ಒಂದು ವಿಷಯ ಎದುರಾಗುತ್ತೆ. ಜಿಲ್ಲೆಯ ಅರ್ಧ ಸುದ್ದಿಯ ಕೆಳಗೆ ಜಿಯಾಲಜಿ ಇರುತ್ತೆ.

ಖಾನಾಪುರ ತಾಲೂಕಿನ ಕಣಕುಂಬಿ ಕಡೆ ಮಳೆ ಸುರಿಯೋದು ಎಲ್ಲರೂ ನೋಡಿದ್ದೇ. ಮಲಪ್ರಭಾ ಹುಟ್ಟೋದು ಅಲ್ಲೇ, ಮಹದಾಯಿ ಹುಟ್ಟೋದೂ ಇದೇ ತಾಲೂಕಿನ ಕಾಡಲ್ಲಿ. ಆದರೂ ಅಲ್ಲಿನ ಕೆಲವು ಊರುಗಳ ಬಾವಿ ಬೇಸಿಗೆಗೆ ತಳ ಕಾಣುತ್ತೆ. ಜಂಬಿಟ್ಟಿಗೆ ನೆಲ ಜರಡಿ ಇದ್ದ ಹಾಗೆ, ಮಳೆಯಲ್ಲಿ ಬೇಗ ತುಂಬಿಕೊಳ್ಳುತ್ತೆ, ಅಷ್ಟೇ ಬೇಗ ಇಳಿಜಾರಿಗೆ ಬಿಟ್ಟುಕೊಡುತ್ತೆ. ಬೆಳಗಾವಿ ಕಡೆಯ ಬಸಾಲ್ಟ್‌ನಲ್ಲಿ ನೀರು ಇರೋದು ಬಿರುಕಿನಲ್ಲಿ ಮತ್ತು ಎರಡು ಲಾವಾ ಪದರದ ನಡುವೆ. ಬಿರುಕು ತಪ್ಪಿದ್ರೆ ಬೋರ್‌ವೆಲ್‌ಗೆ ಸುರಿದ ಲಕ್ಷಗಟ್ಟಲೆ ದುಡ್ಡು ಧೂಳಾಗುತ್ತೆ. ತೆಂಗಿನಕಾಯಿ ಹಿಡಿದು ಪಾಯಿಂಟ್ ತೋರಿಸೋರು ಊರಿಗೊಬ್ಬರಿದ್ದಾರೆ. ಕಲ್ಲು ನೋಡಿ ಪಾಯಿಂಟ್ ಹೇಳೋರು ತಾಲೂಕಿಗೊಬ್ಬರು ಸಿಗೋದೂ ಕಷ್ಟ.

ಸವದತ್ತಿ ಹತ್ತಿರ ನವಿಲುತೀರ್ಥದಲ್ಲೇ ಯಾಕೆ ಮಲಪ್ರಭಾ ಡ್ಯಾಂ ಕಟ್ಟಿದ್ರು? ನದಿ ಅಲ್ಲಿ ಕಲಾದಗಿ ಬೆಣಚುಗಲ್ಲಿನ ಗುಡ್ಡ ಸೀಳಿಕೊಂಡು ಇಕ್ಕಟ್ಟಿನಲ್ಲಿ ಹರಿಯುತ್ತೆ, ಎರಡೂ ಕಡೆ ಗಟ್ಟಿ ಕಲ್ಲಿನ ಗೋಡೆ. ಖಾನಾಪುರದ ಹಂಚು, ಇಟ್ಟಂಗಿ, ಕುಂಬಾರಿಕೆಗೆ ಯಾಕೆ ಹೆಸರು? ಅಲ್ಲಿನ ಜೇಡಿಮಣ್ಣಿನಿಂದ. ಬೆಳಗಾವಿಯಲ್ಲಿ ಅಲ್ಯೂಮಿನಾ ಕಾರ್ಖಾನೆ ಯಾಕೆ ಬಂತು? ಜಂಬಿಟ್ಟಿಗೆಯ ಜೊತೆಗೇ ಸಿಗೋ ಬಾಕ್ಸೈಟ್ ಈ ಘಟ್ಟದ ಸಾಲಲ್ಲಿ ಇರೋದರಿಂದ.

ಓದೋದು ಹೇಗೆ, ನೌಕರಿ ಎಲ್ಲಿ

ಇನ್ನು ಮನೆಯವರ ಪ್ರಶ್ನೆಗೆ ಬರೋಣ. ಸುಳ್ಳು ಭರವಸೆ ಬೇಡ. ಬರೀ ಬಿಎಸ್‌ಸಿ ಜಿಯಾಲಜಿಗೆ ಒಳ್ಳೆ ನೌಕರಿ ಸಿಗೋದು ಕಷ್ಟ. ಈ ಓದಿನಲ್ಲಿ ಬಾಗಿಲು ತೆರೆಯೋದು ಎಂಎಸ್‌ಸಿ ಆದ್ಮೇಲೆ. ಅಂದ್ರೆ ಪಿಯುಸಿ ನಂತರ ಕನಿಷ್ಠ ಐದು ವರ್ಷ ಅಂತ ಲೆಕ್ಕ ಹಾಕಿಕೊಂಡೇ ಸೇರಬೇಕು.

ಎಂಎಸ್‌ಸಿ ನಮಗೆ ಹತ್ತಿರ ಅಂದ್ರೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ, ಬೆಳಗಾವಿಯಿಂದ ಸುಮಾರು 80 ಕಿ.ಮೀ. ಮೈಸೂರು ವಿಶ್ವವಿದ್ಯಾಲಯದಲ್ಲೂ ಇದೆ. ಐಐಟಿಗಳಲ್ಲಿ ಓದಬೇಕಂದ್ರೆ ಜಾಮ್ ಪರೀಕ್ಷೆ ಬರೀಬೇಕು.

ಫೂಟ್ ಕೆಲಸ ಮಾಡಿದ ಅದೇ ಜಿಎಸ್‌ಐ ಸೇರೋಕೆ ಯುಪಿಎಸ್‌ಸಿ ನಡೆಸೋ ಕಂಬೈಂಡ್ ಜಿಯೋ ಸೈಂಟಿಸ್ಟ್ ಪರೀಕ್ಷೆ ಇದೆ. ಪ್ರಿಲಿಮ್ಸ್, ಮೇನ್ಸ್, ಸಂದರ್ಶನ, ಮೂರು ಹಂತ. ಎಂಎಸ್‌ಸಿ ಬೇಕೇಬೇಕು. ಪಾಸಾದ್ರೆ ಗ್ರೂಪ್ ಎ ಹುದ್ದೆ. ಇದೇ ಪರೀಕ್ಷೆಯಿಂದ ಕೇಂದ್ರ ಅಂತರ್ಜಲ ಮಂಡಳಿಗೂ ವಿಜ್ಞಾನಿಗಳನ್ನ ತಗೊಳ್ತಾರೆ. ರಾಜ್ಯದಲ್ಲಿ ಗಣಿ ಮತ್ತು ಭೂವಿಜ್ಞಾನ ಇಲಾಖೆ, ಅಂತರ್ಜಲ ನಿರ್ದೇಶನಾಲಯ ಇವೆ. ಕರೆ ಯಾವಾಗ ಬರುತ್ತೋ ಹೇಳೋಕಾಗಲ್ಲ, ಕಾಯೋ ತಾಳ್ಮೆ ಇರಬೇಕು. ಹಟ್ಟಿ ಚಿನ್ನದ ಗಣಿ, ಸಂಡೂರು ಭಾಗದ ಅದಿರು ಕಂಪನಿಗಳು, ಒಎನ್‌ಜಿಸಿ, ಸಿಮೆಂಟ್ ಕಾರ್ಖಾನೆಗಳು, ಸುರಂಗ ಮತ್ತು ಡ್ಯಾಂ ಕಾಮಗಾರಿಗಳಲ್ಲೂ ಜಿಯಾಲಜಿಸ್ಟ್ ಬೇಕು. ಪಾಠ, ಸಂಶೋಧನೆ ಕಡೆ ಹೋಗೋರಿಗೆ ಗೇಟ್, ನೆಟ್.

ಹೆಣ್ಣುಮಕ್ಕಳಿಗೆ ಇದು ಆಗಿಬರಲ್ಲ ಅನ್ನೋ ಮಾತನ್ನ ಈಗಲೂ ಕೇಳ್ತೀವಿ. ನೆಲದಡಿಯ ಗಣಿಯಲ್ಲಿ ಮಹಿಳೆಯರು ಕೆಲಸ ಮಾಡೋಕೆ ಇದ್ದ ನಿರ್ಬಂಧವನ್ನ ಕೇಂದ್ರ ಸರಕಾರ 2019ರಲ್ಲೇ ಸಡಿಲ ಮಾಡಿದೆ. ಫೀಲ್ಡ್ ಕೆಲಸದಲ್ಲಿ ಬಿಸಿಲು, ಕಾಡು, ವಾರಗಟ್ಟಲೆ ಮನೆ ಬಿಟ್ಟಿರೋದು ಇದ್ದೇ ಇದೆ, ಅದು ಹುಡುಗ ಹುಡುಗಿ ಇಬ್ಬರಿಗೂ ಒಂದೇ. ನಡೆಯೋಕೆ ಬೇಜಾರಾದವರಿಗೆ ಈ ಓದು ಬೇಡ.

ಸೇರಬೇಕು ಅನ್ನೋರಿಗೆ ಒಂದು ಅನುಕೂಲ ಮಾತ್ರ ಇದೆ. ಬೇರೆಯವರು ಪುಸ್ತಕದ ಚಿತ್ರ ನೋಡಿ ಕಲಿಯೋದನ್ನ ಬೆಳಗಾವಿ, ಖಾನಾಪುರದ ಮಕ್ಕಳು ಒಂದು ಭಾನುವಾರದಲ್ಲಿ ಮುಟ್ಟಿ ನೋಡಬಹುದು. ಬೆಳಿಗ್ಗೆ ಖಾನಾಪುರದ ಹೊಳೆ ದಂಡೆ, ಮಧ್ಯಾಹ್ನ ಬೆಳಗಾವಿ ಹೊರಗಿನ ಯಾವುದಾದ್ರೂ ಕರಿಕಲ್ಲಿನ ಕಟಾವು, ಸಂಜೆ ಗೋಕಾಕ ಜಲಪಾತ. 250 ಕೋಟಿ ವರ್ಷ ಮುಗಿಯೋಕೆ ಒಂದು ಟ್ಯಾಂಕ್ ಪೆಟ್ರೋಲ್ ಸಾಕು. ಫೂಟ್ ಇದನ್ನೆಲ್ಲ ಎತ್ತಿನ ಗಾಡಿ ಕಟ್ಟಿಕೊಂಡು ಮಾಡಿದ್ರು.